ಬುತ್ತಿ ಕಟ್ಟುವ ಮೊದಲೇ ಹೊರಟ ಕೂಸು: ದಿನ ತುಂಬದ ಮಗುವಿಗೆ ರಕ್ತನಾಳದ ಮೂಲಕ ಆಹಾರ, ಮನೆಯವರಿಗೊಂದು ಕೈಪಿಡಿ

ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತ ಅಜ್ಜಿಯರು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸಿಸ್ಟರ್, ಕೂಸಿನ ಹೊಟ್ಟೆಗೆ ಏನು ಕೊಟ್ಟಿರಿ?" "ಹೊಟ್ಟೆಗೆ ಇನ್ನೂ ಹೆಚ್ಚೇನೂ ಇಲ್ಲ ಅಜ್ಜಿ, ನರಕ್ಕೆ ಕೊಡುತ್ತಿದ್ದೇವೆ" ಎಂದರೆ ಅವರ ಮುಖ ಸಣ್ಣದಾಗುತ್ತದೆ. ನರಕ್ಕೆ ಹೋಗುವುದೆಲ್ಲ ಗ್ಲೂಕೋಸ್, ಗ್ಲೂಕೋಸ್ ಎಂದರೆ ಸಕ್ಕರೆ ನೀರು, ಸಕ್ಕರೆ ನೀರಿನಲ್ಲಿ ಯಾವ ಮಗು ಬೆಳೆದೀತು? ಅವರ ಲೆಕ್ಕದಲ್ಲಿ ತಪ್ಪಿಲ್ಲ. ಬರೀ ಸಕ್ಕರೆ ನೀರಿನಲ್ಲಿ ಮಗು ಬೆಳೆಯುವುದಿಲ್ಲ. ದಿನ ತುಂಬದ ಮಕ್ಕಳಿಗೆ ಹುಟ್ಟಿದ ದಿನವೇ ಸಕ್ಕರೆಯ ಜೊತೆಗೆ ಪ್ರೋಟೀನ್, ಕೊಬ್ಬು, ಲವಣ, ವಿಟಮಿನ್‌ಗಳನ್ನೂ ರಕ್ತನಾಳಕ್ಕೆ ಕೊಡುವ ಪದ್ಧತಿ ಬಂದಿರುವುದೇ ಆ ಕಾರಣಕ್ಕೆ. ಆಸ್ಪತ್ರೆಯವರ ಬಾಯಲ್ಲಿ ಅದು 'ಟಿಪಿಎನ್', ಕೆಲವರ ಬಾಯಲ್ಲಿ ಬರೀ 'ಪಿಎನ್'.

ಗರ್ಭದ ಕೊನೆಯ ಮೂರು ತಿಂಗಳು ತಾಯಿಯ ದೇಹ ಮಗುವಿಗೆ ಬುತ್ತಿ ಕಟ್ಟುವ ಕಾಲ. ಚರ್ಮದಡಿಯ ಕೊಬ್ಬು, ಯಕೃತ್ತಿನ ಸಕ್ಕರೆ ದಾಸ್ತಾನು, ಮೂಳೆಗೆ ಬೇಕಾದ ಸುಣ್ಣ ಮತ್ತು ರಂಜಕ, ಹುಟ್ಟಿದ ಮೇಲೆ ತಿಂಗಳುಗಟ್ಟಲೆ ಸಾಲುವ ಕಬ್ಬಿಣ, ಇವೆಲ್ಲ ಬಹುಪಾಲು ಆಗಲೇ ತುಂಬುವುದು. 28 ವಾರಕ್ಕೆ ಹುಟ್ಟಿದ ಮಗು ಗಂಟು ಬಿಗಿಯುವ ಮೊದಲೇ ಹೊರಟುಬಿಟ್ಟಿದೆ. ಮೂರೂವರೆ ಕಿಲೋ ತೂಗುವ, ದಿನ ತುಂಬಿದ ಮಗುವಿನ ಮೈಯಲ್ಲಿ ಸುಮಾರು ಒಂದು ತಿಂಗಳು ತಡೆಯುವಷ್ಟು ದಾಸ್ತಾನು ಇರುತ್ತದೆ, ಒಂದು ಕಿಲೋ ಮಗುವಿನಲ್ಲಿ ಅದು ನಾಲ್ಕೇ ದಿನದ್ದು ಎಂಬ ಹಳೆಯ ಅಂದಾಜೊಂದು ನಮ್ಮ ಪಾಠದಲ್ಲಿತ್ತು. ಅಂಥ ಮಗುವನ್ನು ಬರೀ ಗ್ಲೂಕೋಸಿನ ಮೇಲೆ ಇಟ್ಟರೆ ಅದು ದಿನಕ್ಕೆ ತನ್ನ ಮೈಯ ಪ್ರೋಟೀನಿನಲ್ಲಿ ನೂರಕ್ಕೆ ಒಂದರಿಂದ ಎರಡು ಭಾಗವನ್ನು ಕರಗಿಸಿಕೊಳ್ಳುತ್ತದೆ. ಗರ್ಭದಲ್ಲೇ ಇದ್ದಿದ್ದರೆ ಹೆಚ್ಚುಕಡಿಮೆ ಅಷ್ಟನ್ನೇ ಗಳಿಸುತ್ತಿತ್ತು.

ನಾನು ವರ್ಷಾನುಗಟ್ಟಲೆ ಈ ಮಕ್ಕಳ ವಾರ್ಡಿನಲ್ಲಿ ದಾದಿಯಾಗಿ ದುಡಿದವಳು. ಬಾಗಿಲ ಹೊರಗೆ ಕಾಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ರಮಾಣ ನಿರ್ಧರಿಸುವುದು ನಿಮ್ಮ ಮಗುವನ್ನು ಕಣ್ಣಾರೆ ನೋಡುತ್ತಿರುವ ವೈದ್ಯರ ಕೆಲಸ. ಇಲ್ಲಿನ ಅಂಕಿಗಳು ಅವರ ಮಾತು ನಿಮಗೆ ತಿಳಿಯಲೆಂದು ಇವೆ, ಅವರೊಡನೆ ವಾದಕ್ಕೆ ಇಳಿಯಲೆಂದಲ್ಲ.

ಹಂತ 1: ಒಂದು ಗೆರೆ ಪುಸ್ತಕ, ಎರಡು ಅಂಕಿ

ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಒಂದು ಗೆರೆ ಪುಸ್ತಕ ಕೊಳ್ಳಿ. ಮೊದಲ ಪುಟದಲ್ಲಿ ಮಗು ಎಷ್ಟು ವಾರಕ್ಕೆ ಹುಟ್ಟಿತು, ಹುಟ್ಟಿದಾಗ ಎಷ್ಟು ಗ್ರಾಂ ಇತ್ತು ಎಂದು ಬರೆಯಿರಿ. ತಿಂಗಳ ಲೆಕ್ಕ ಬೇಡ. "ಏಳನೇ ತಿಂಗಳಿನದು ಉಳಿಯುತ್ತದೆ, ಎಂಟನೆಯದು ಉಳಿಯುವುದಿಲ್ಲ" ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಒಳಗೆ ಕಳೆದ ಪ್ರತಿ ವಾರವೂ ಮಗುವಿಗೆ ಲಾಭವೇ. ಎಂಟನೇ ತಿಂಗಳ ಮಗುವಿನ ಬುತ್ತಿ ಏಳನೆಯದಕ್ಕಿಂತ ಯಾವಾಗಲೂ ದೊಡ್ಡದು.

ಎಲ್ಲ ಅವಧಿಪೂರ್ವ ಮಕ್ಕಳಿಗೂ ಟಿಪಿಎನ್ ಬೇಕಿಲ್ಲ. 34 ವಾರಕ್ಕೆ ಹುಟ್ಟಿ ಎರಡು ಕಿಲೋ ತೂಗುವ ಮಗು ಸಾಮಾನ್ಯವಾಗಿ ಮೊದಲ ದಿನದಿಂದಲೇ ನಳಿಕೆಯಲ್ಲೋ ಒಳಲೆಯಲ್ಲೋ ಹಾಲು ಕುಡಿಯುತ್ತದೆ. ಹೆಚ್ಚೆಂದರೆ ಒಂದೆರಡು ದಿನ ಗ್ಲೂಕೋಸ್ ಡ್ರಿಪ್ ಬೇಕಾದೀತು. ಬ್ರಿಟನ್ನಿನ ಆರೋಗ್ಯ ಇಲಾಖೆಗೆ ಸಲಹೆ ಕೊಡುವ ನೈಸ್ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಲ್ಲಿ 31 ವಾರಕ್ಕೆ ಮೊದಲು ಹುಟ್ಟಿದವರಿಗೆ ಕೂಡಲೇ ಆರಂಭಿಸಿ ಎಂದಿದೆ. ನಮ್ಮಲ್ಲಿ ಅನೇಕ ಘಟಕಗಳು ಇದರ ಜೊತೆಗೆ ಒಂದೂಕಾಲು ಕಿಲೋ, ಒಂದೂವರೆ ಕಿಲೋ ಎಂದು ತೂಕದ ಗಡಿಯನ್ನೂ ಹಾಕಿಕೊಂಡಿರುತ್ತವೆ. ಕರುಳು ಹೊಟ್ಟೆಯ ಹೊರಗೆ ಇರುವ ಮಕ್ಕಳು, ಕರುಳಿನ ದಾರಿ ಮುಚ್ಚಿರುವ ಮಕ್ಕಳು ದಿನ ತುಂಬಿದವರಾದರೂ ಈ ಪಟ್ಟಿಗೆ ಸೇರುತ್ತಾರೆ.

ಹೆರಿಗೆ ಇನ್ನೂ ಆಗಿಲ್ಲ, ಆದರೆ ಬೇಗ ಆಗುವ ಲಕ್ಷಣ ಇದೆ ಎಂದಿದ್ದರೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಇಲ್ಲಿ ಟಿಪಿಎನ್ ಕೊಡುವ ಸೌಲಭ್ಯ ಇದೆಯೇ?" ಜಿಲ್ಲಾ ಆಸ್ಪತ್ರೆಗಳ ವಿಶೇಷ ನವಜಾತ ಶಿಶು ಘಟಕಗಳು ಎಷ್ಟೋ ಮಕ್ಕಳನ್ನು ಉಳಿಸಿವೆ. ಆದರೂ ಒಂದು ಕಿಲೋಗಿಂತ ಕಡಿಮೆಯ ಮಗುವಿಗೆ ಬೇಕಾಗುವ ಈ ವ್ಯವಸ್ಥೆ ಅಲ್ಲಿ ಇಲ್ಲದಿರುವುದೇ ಹೆಚ್ಚು. ಸಾಧ್ಯವಿದ್ದರೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ಮಗುವನ್ನು ದೊಡ್ಡ ಆಸ್ಪತ್ರೆಗೆ ಸಾಗಿಸಿ. ತಾಯಿಯ ಹೊಟ್ಟೆಗಿಂತ ಒಳ್ಳೆಯ ಆಂಬುಲೆನ್ಸ್ ಇನ್ನೂ ಬಂದಿಲ್ಲ. ಹೊರಡುವ ಮೊದಲು ಶ್ವಾಸಕೋಶ ಬಲಿಯಲು ಕೊಡುವ ಸ್ಟೆರಾಯ್ಡ್ ಚುಚ್ಚುಮದ್ದು ಆಗಿದೆಯೇ ಎಂದು ಕೇಳಿ, ಆಗಿದ್ದರೆ ಹೊತ್ತನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.

ಹಂತ 2: ಮೊದಲ ಎಂಟು ಗಂಟೆ

ಮಗು ಒಳಗೆ ಹೋಗಿದೆ. ಉಸಿರಾಟಕ್ಕೆ ಯಂತ್ರ, ಮೈಗೆ ಬಿಸಿ, ಎದೆಗೆ ತಂತಿಗಳು. ಈ ಗದ್ದಲದಲ್ಲಿ ಊಟದ ವಿಷಯ ಹಿಂದೆ ಬೀಳುತ್ತದೆ. ಹಿಂದೆ ನಾವೇ ಹಾಗೆ ಮಾಡುತ್ತಿದ್ದೆವು: ಮೊದಲು ಎರಡು ಮೂರು ದಿನ ಗ್ಲೂಕೋಸ್, ಮಗು 'ಸ್ಥಿರ'ವಾದ ಮೇಲೆ ಪ್ರೋಟೀನ್, ಆಮೇಲೆ ಅಂಜುತ್ತಂಜುತ್ತ ಕೊಬ್ಬು. ಇಷ್ಟು ಸಣ್ಣ ಮಗುವಿನ ಮೂತ್ರಪಿಂಡ ಪ್ರೋಟೀನನ್ನು ತಡೆದುಕೊಳ್ಳಲಾರದು ಎಂಬ ಭಯ ಇತ್ತು. ಆ ಭಯ ಈಗ ಬಹುಮಟ್ಟಿಗೆ ಹೋಗಿದೆ. ಇಂದಿನ ಮಾತು: ಸಾಧ್ಯವಾದಷ್ಟು ಬೇಗ, ನೈಸ್ ಸೂಚನೆಯ ಪ್ರಕಾರ ಕೊಡಬೇಕೆಂದು ತೀರ್ಮಾನಿಸಿದ ಎಂಟು ಗಂಟೆಯೊಳಗೆ.

ಹಾಗಾಗಿ ಮೊದಲ ದಿನ ವೈದ್ಯರು ಹೊರಗೆ ಬಂದು ಮಾತಾಡುವಾಗ ಉಸಿರಾಟದ ಮಾತು ಮುಗಿದ ಮೇಲೆ ಮೆಲ್ಲಗೆ ಕೇಳಿ: "ಡಾಕ್ಟರೇ, ಪ್ರೋಟೀನ್ ಶುರು ಆಗಿದೆಯೇ?" ಹೀಗೆ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಸಿಡಿಮಿಡಿಗೊಳ್ಳುವುದಿಲ್ಲ.

ಹಂತ 3: ಚೀಲದಲ್ಲಿ ಏನಿದೆ, ಬಿಳಿ ಸಿರಿಂಜ್‌ನಲ್ಲಿ ಏನಿದೆ

ಗಾಜಿನ ಪೆಟ್ಟಿಗೆಯ ಪಕ್ಕದ ಕಂಬದಲ್ಲಿ ಎರಡು ಸಿರಿಂಜ್ ಪಂಪುಗಳು ಕಾಣುತ್ತವೆ. ಒಂದರಲ್ಲಿ ತಿಳಿಯಾದ ಅಥವಾ ತುಸು ಹಳದಿ ದ್ರವ. ಇನ್ನೊಂದರಲ್ಲಿ ಹಾಲಿನಂಥ ಬಿಳಿ ದ್ರವ. "ಹಾಲನ್ನೇ ನರಕ್ಕೆ ಹಾಕಿಬಿಟ್ಟಿದ್ದಾರೆ" ಎಂದು ಗಾಬರಿಯಾಗಿ ಅತ್ತವರನ್ನು ನಾನು ನೋಡಿದ್ದೇನೆ. ಅದು ಹಾಲಲ್ಲ, ಎಣ್ಣೆ. ಸೋಯಾ ಎಣ್ಣೆಯನ್ನು, ಕೆಲವು ತಯಾರಿಕೆಗಳಲ್ಲಿ ಆಲಿವ್ ಮತ್ತು ಮೀನಿನ ಎಣ್ಣೆಯನ್ನೂ ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಸಿರುತ್ತಾರೆ. ಹನಿಗಳು ಮತ್ತೆ ಒಂದಾಗದಂತೆ ಹಿಡಿದಿಡುವುದು ಮೊಟ್ಟೆಯ ಹಳದಿಯಿಂದ ತೆಗೆದ ಒಂದು ಅಂಶ. (ಮೊಟ್ಟೆ ಮುಟ್ಟದ ಮನೆಯವರೊಬ್ಬರು ಇದನ್ನು ತಿಳಿದು ಒಂದು ರಾತ್ರಿಯೆಲ್ಲ ಯೋಚಿಸಿ, ಬೆಳಿಗ್ಗೆ ಬಂದು "ಮಗು ದೊಡ್ಡದಾದ ಮೇಲೆ ಮಡಿ, ಈಗ ಕೊಡಿ" ಎಂದರು.) ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡ್ 1960ರ ದಶಕದ ಆರಂಭದಲ್ಲಿ ಇದನ್ನು ಸುರಕ್ಷಿತವಾಗಿ ಮಾಡುವ ದಾರಿ ಕಂಡುಕೊಂಡರು. ಅದಕ್ಕೂ ಮೊದಲಿನ ಎಣ್ಣೆ ತಯಾರಿಕೆಗಳು ಜ್ವರ, ನಡುಕ ತರುತ್ತಿದ್ದವು.

ತಿಳಿ ದ್ರವದಲ್ಲಿ ಗ್ಲೂಕೋಸ್, ಪ್ರೋಟೀನಿನ ಇಟ್ಟಿಗೆಗಳಾದ ಅಮೈನೊ ಆಮ್ಲಗಳು, ಕ್ಯಾಲ್ಸಿಯಂ, ರಂಜಕ, ಮೆಗ್ನೀಸಿಯಂ, ಸತು ಮೊದಲಾದವು ಇರುತ್ತವೆ. ಸೋಡಿಯಂ, ಪೊಟ್ಯಾಸಿಯಂ ಎಷ್ಟು, ಎಂದಿನಿಂದ ಎಂಬುದು ಮಗುವಿನ ಮೂತ್ರ ಮತ್ತು ರಕ್ತಪರೀಕ್ಷೆ ನೋಡಿ ತೀರ್ಮಾನವಾಗುತ್ತದೆ. ಹಳದಿ ಬಣ್ಣ ವಿಟಮಿನ್‌ನದು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಸಂಗಡಿಗರು ಮೊದಲು ಬೀಗಲ್ ನಾಯಿಮರಿಗಳನ್ನು ಬರೀ ರಕ್ತನಾಳದ ಆಹಾರದ ಮೇಲೆ ಬೆಳೆಸಿ ತೋರಿಸಿದರು. ಆಮೇಲೆ ಕರುಳು ಬೆಳೆಯದೆ ಹುಟ್ಟಿದ ಒಂದು ಹೆಣ್ಣುಮಗುವಿಗೆ ಕೊಟ್ಟರು. 1968ರಲ್ಲಿ ಆ ವರದಿ ಪ್ರಕಟವಾಯಿತು. ಬಾಯಿಂದ ಏನೂ ತಿನ್ನದ ಮಗುವೊಂದು ತೂಕ ಹಾಕಿ, ತಲೆಯ ಸುತ್ತಳತೆಯೂ ಬೆಳೆದದ್ದನ್ನು ಜಗತ್ತು ಕಂಡದ್ದು ಆಗ.

ಇಲ್ಲಿ ಕೇಳಬೇಕಾದ ಪ್ರಶ್ನೆ: "ಇದನ್ನು ಎಲ್ಲಿ ಬೆರೆಸುತ್ತೀರಿ?" ಸಕ್ಕರೆ, ಪ್ರೋಟೀನ್, ಕೊಬ್ಬು ಮಗುವಿಗೆ ಹೇಗೋ ಸೂಕ್ಷ್ಮಾಣುಗಳಿಗೂ ಹಾಗೆಯೇ ಹಬ್ಬದೂಟ. ಶುದ್ಧ ಗಾಳಿ ಹರಿಯುವ ಪೆಟ್ಟಿಗೆಯೊಳಗೆ, ಕೈಗವಸು ಹಾಕಿಕೊಂಡು ಬೆರೆಸಿದ್ದು ಅಥವಾ ಕಾರ್ಖಾನೆಯಿಂದಲೇ ಮೊಹರಾಗಿ ಬಂದ ಚೀಲ ಆಗಿರಬೇಕು. ಬೆರೆಸುವ ಕ್ರಮವೂ ಮುಖ್ಯ. ಕ್ಯಾಲ್ಸಿಯಂ ಮತ್ತು ರಂಜಕ ತಪ್ಪಾಗಿ ಸೇರಿದರೆ ಸುಣ್ಣದ ಹರಳು ಕಟ್ಟುತ್ತದೆ. ಚೀಲ, ಸಿರಿಂಜ್, ಕೊಳವೆಗೆ ಬಣ್ಣದ ಹೊದಿಕೆ ಇದ್ದರೆ ಅದನ್ನು ಸರಿಸಿ ನೋಡಬೇಡಿ. ಬೆಳಕು ತಾಗಿದರೆ ಕೊಬ್ಬು ಮತ್ತು ವಿಟಮಿನ್‌ಗಳು ಕೆಟ್ಟು ಮಗುವಿಗೆ ಹಾನಿ ಮಾಡುವ ಪದಾರ್ಥಗಳು ಹುಟ್ಟುತ್ತವೆ.

ಹಂತ 4: ದಾರಿ ಯಾವುದು

ಹೊಕ್ಕುಳಬಳ್ಳಿಯ ತುದಿಯಲ್ಲಿ ಹುಟ್ಟಿದ ಮೊದಲ ದಿನಗಳಲ್ಲಿ ಒಂದು ರಕ್ತನಾಳ ತೆರೆದಿರುತ್ತದೆ. ತಾಯಿ ಬುತ್ತಿ ಕಳಿಸುತ್ತಿದ್ದ ದಾರಿಯೇ ಅದು. ಅದರೊಳಗೆ ಸಣ್ಣ ಕೊಳವೆ ತೂರಿಸಿ ಎಕ್ಸ್‌ರೇಯಲ್ಲಿ ತುದಿ ಸರಿಯಾದ ಜಾಗದಲ್ಲಿದೆಯೇ ನೋಡುತ್ತಾರೆ. ಮಗುವಿಗೆ ನೋವಾಗುವುದಿಲ್ಲ, ಬಳ್ಳಿಗೆ ನೋವಿನ ನರ ಇಲ್ಲ. ಒಂದು ವಾರದ ಆಸುಪಾಸಿನಲ್ಲಿ ಅದನ್ನು ತೆಗೆದು ಕೈ ಅಥವಾ ಕಾಲಿನ ರಕ್ತನಾಳದಿಂದ ಹೃದಯದ ಹತ್ತಿರಕ್ಕೆ ಹೋಗುವ ಕೂದಲೆಳೆಯಂಥ ಉದ್ದ ಕೊಳವೆ ಹಾಕುತ್ತಾರೆ. ಇದಕ್ಕೆ 'ಪಿಕ್ ಲೈನ್' ಎನ್ನುತ್ತಾರೆ. ನಿಮ್ಮ ಸಹಿ ಕೇಳುವುದು ಇಂಥದ್ದಕ್ಕೇ.

ಕೈಯ ಮೇಲಿನ ಸಾಮಾನ್ಯ ಸೂಜಿಯಲ್ಲೂ ಕೆಲವು ದಿನ ಕೊಡಬಹುದು, ಆದರೆ ತೆಳುವಾದದ್ದನ್ನು ಮಾತ್ರ. ಗ್ಲೂಕೋಸ್ ಶೇ. 12.5 ಮೀರಿದರೆ ಸಣ್ಣ ರಕ್ತನಾಳ ಉರಿದುಹೋಗುತ್ತದೆ. ಸೂಜಿ ಜಾರಿ ದ್ರವ ಚರ್ಮದಡಿಗೆ ಸೋರಿದರೆ ಆ ಜಾಗ ಊದಿ, ಬಿಳಿಚಿ, ಹುಣ್ಣಾಗಬಹುದು. ಒಮ್ಮೆ ರಾತ್ರಿ ಪಾಳಿಯಲ್ಲಿ ಹೀಗೆ ಊದಿದ ಪಾದವನ್ನು ನಮಗಿಂತ ಮೊದಲು ಕಂಡದ್ದು ಒಬ್ಬ ತಾಯಿ. "ಎಡಗಾಲು ಬಲಗಾಲಿಗಿಂತ ದಪ್ಪ ಕಾಣುತ್ತದಲ್ಲ?" ಎಂದರು. ಪಂಪು ಸದ್ದು ಮಾಡಿರಲಿಲ್ಲ. ಕೂಡಲೇ ತೆಗೆದೆವು, ಗಾಯ ಉಳಿಯಲಿಲ್ಲ. ಆದ್ದರಿಂದ ಒಳಗೆ ಹೋದಾಗಲೆಲ್ಲ ಎರಡು ಕೈ, ಎರಡು ಕಾಲನ್ನು ಹೋಲಿಸಿ ನೋಡಿ. ಸಂಶಯ ಬಂದರೆ ಹೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಹಂತ 5: ಚಾರ್ಟಿನ ಲೆಕ್ಕ ಓದುವುದು

ಮಗು ಒಂದು ಕಿಲೋ ಎಂದುಕೊಳ್ಳೋಣ, ಲೆಕ್ಕ ಸುಲಭ. ಮೊದಲ ದಿನ ಅದಕ್ಕೆ ಇಡೀ 24 ಗಂಟೆಗೆ ಸಿಗುವ ದ್ರವ ಸುಮಾರು 80 ಮಿಲಿಲೀಟರ್, ಅಂದರೆ ಒಂದು ಸಣ್ಣ ಲೋಟ ಕಾಫಿಗಿಂತ ಕಡಿಮೆ. ಅಷ್ಟರೊಳಗೇ ಎಲ್ಲವನ್ನೂ ತುಂಬಬೇಕು. ಆ 80 ಮಿಲಿಲೀಟರನ್ನೂ ಶೇ. 10ರ ಗ್ಲೂಕೋಸ್ ಆಗಿಯೇ ಕೊಟ್ಟರೆ ಮಗುವಿಗೆ ಸಿಗುವುದು 8 ಗ್ರಾಂ ಸಕ್ಕರೆ, ಸುಮಾರು 27 ಕ್ಯಾಲೊರಿ, ಪ್ರೋಟೀನ್ ಸೊನ್ನೆ. ಅದೇ ಜಾಗದಲ್ಲಿ 7 ಗ್ರಾಂ ಗ್ಲೂಕೋಸ್, 2 ಗ್ರಾಂ ಅಮೈನೊ ಆಮ್ಲ, ಒಂದೂವರೆ ಗ್ರಾಂ ಕೊಬ್ಬು ಇಟ್ಟರೆ 47 ಕ್ಯಾಲೊರಿಯ ಹತ್ತಿರ ಬರುತ್ತದೆ. ಮೊದಲ ದಿನ ಕಿಲೋಗೆ 45ರಿಂದ 55 ಕ್ಯಾಲೊರಿ ಸಾಕು ಎಂದು 2018ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಬೆಳೆಯಲು ಬೇಕಾದದ್ದು ಅದರ ಎರಡರಷ್ಟು, 90ರಿಂದ 120. ಅಲ್ಲಿಗೆ ಮುಟ್ಟಲು ಕೆಲವು ದಿನ ಹಿಡಿಯುತ್ತದೆ.

ಅದೇ ಮಾರ್ಗಸೂಚಿಯಲ್ಲಿ ಅಮೈನೊ ಆಮ್ಲ ಮೊದಲ ದಿನ ಕಿಲೋಗೆ ಕನಿಷ್ಠ 1.5 ಗ್ರಾಂ, ಎರಡನೇ ದಿನದಿಂದ 2.5ರಿಂದ 3.5 ಗ್ರಾಂ. ಕೊಬ್ಬು ಹುಟ್ಟಿದ ಕೂಡಲೇ, ತಡವಾದರೂ ಎರಡನೇ ದಿನ ಮೀರದಂತೆ ಶುರು, ಗರಿಷ್ಠ 4 ಗ್ರಾಂ. ಒಟ್ಟು ದ್ರವ ದಿನದಿನಕ್ಕೆ ಏರುತ್ತ ವಾರದ ಹೊತ್ತಿಗೆ ಕಿಲೋಗೆ 140–160 ಮಿಲಿಲೀಟರ್ ಆಗುತ್ತದೆ. ಹಾಲು ಶುರುವಾದ ಮೇಲೆ ಅದೂ ಈ ಲೆಕ್ಕದೊಳಗೇ ಬರುತ್ತದೆ.

ಚಾರ್ಟಿನಲ್ಲಿ 'ಜಿಐಆರ್' ಎಂದಿದ್ದರೆ ಅದು ನಿಮಿಷಕ್ಕೆ ಪ್ರತಿ ಕಿಲೋಗೆ ಎಷ್ಟು ಮಿಲಿಗ್ರಾಂ ಸಕ್ಕರೆ ಹೋಗುತ್ತಿದೆ ಎಂಬ ಅಂಕಿ. ಪಂಪಿನ ವೇಗವನ್ನು ಗ್ಲೂಕೋಸಿನ ಶೇಕಡಾದಿಂದ ಗುಣಿಸಿ, ಮಗುವಿನ ತೂಕದ ಆರರಷ್ಟರಿಂದ ಭಾಗಿಸಿ. ಗಂಟೆಗೆ 3 ಮಿಲಿಲೀಟರ್, ಶೇ. 10 ಗ್ಲೂಕೋಸ್, ಒಂದು ಕಿಲೋ ಮಗು: 30ನ್ನು 6ರಿಂದ ಭಾಗಿಸಿದರೆ 5. ಸಾಮಾನ್ಯವಾಗಿ 4ರಿಂದ 8ರ ನಡುವೆ ಆರಂಭಿಸಿ ಎರಡು ಮೂರು ದಿನದಲ್ಲಿ 8–10ಕ್ಕೆ ಒಯ್ಯುತ್ತಾರೆ, 12 ದಾಟಿಸುವುದಿಲ್ಲ. ಹೈಸ್ಕೂಲು ಓದಿದ ಒಬ್ಬ ಚಿಕ್ಕಪ್ಪ ಇದನ್ನು ಕಲಿತು ದಿನಾ ಬೆಳಿಗ್ಗೆ ನನಗೇ ಲೆಕ್ಕ ಒಪ್ಪಿಸುತ್ತಿದ್ದರು. ಮನೆಯವರಿಗೆ ಕೈಯಲ್ಲಿ ಒಂದು ಕೆಲಸ ಇದ್ದರೆ ಕಾಯುವುದು ತುಸು ಹಗುರ.

ಹಂತ 6: ತಾಯಿಯ ಪಾಳಿ

ಇದೇ ಈ ಬರಹದ ಹೊಟ್ಟೆ. ರಕ್ತನಾಳದ ಆಹಾರ ಶುರುವಾಯಿತೆಂದು ಹಾಲಿನ ಯೋಚನೆ ಮುಂದೂಡುವ ಮನೆಗಳೇ ಹೆಚ್ಚು. ಸಿಸೇರಿಯನ್ ಆದ ತಾಯಿ ಒಂದು ಮಹಡಿಯಲ್ಲಿ, ಮಗು ಇನ್ನೊಂದರಲ್ಲಿ, ಕೆಲವೊಮ್ಮೆ ಬೇರೆ ಊರಿನಲ್ಲೇ. "ಮಗು ಕುಡಿಯುವಾಗ ನೋಡೋಣ" ಎನ್ನುತ್ತಾರೆ. ಆಗ ನೋಡಿದರೆ ಹಾಲು ಇರುವುದಿಲ್ಲ. ಚೀಲದಲ್ಲಿರುವುದು ಮಗುವಿನ ಮೈಗೆ ಸಾಕು, ಕರುಳಿಗೆ ಸಾಲದು. ಹನಿ ಹಾಲೂ ಕಾಣದ ಕರುಳಿನ ಒಳಪದರ ತೆಳುವಾಗುತ್ತ ಹೋಗುತ್ತದೆ.

ಹೆರಿಗೆಯಾದ ಮೊದಲ ಗಂಟೆಯಲ್ಲಿ, ಆಗದಿದ್ದರೆ ಆರು ಗಂಟೆಯೊಳಗೆ, ಕೈಯಿಂದ ಹಿಂಡಿ ಹಾಲು ತೆಗೆಯಲು ಶುರು ಮಾಡಿ. ಮೊದಲು ಬರುವುದು ಕೆಲವೇ ಹನಿ, ಹಳದಿ, ಅಂಟು. ಗಿಣ್ಣುಹಾಲು. ಪಂಪಿನ ಬಾಟಲಿಯ ಗೋಡೆಗೆ ಅಂಟಿ ವ್ಯರ್ಥವಾಗುವಷ್ಟು ಕಡಿಮೆ ಇರುವುದರಿಂದ ಮೊದಲ ಎರಡು ದಿನ ಕೈಯೇ ಮೇಲು. ಒಂದು ಮಿಲಿಲೀಟರ್ ಸಿರಿಂಜ್‌ನಲ್ಲಿ ಹನಿ ಹನಿಯಾಗಿ ಎಳೆದು ಕಳಿಸಿ. "ಇಷ್ಟೇ ಬಂತು" ಎಂದು ನಾಚಿಕೊಂಡು ತಂದ ಅರ್ಧ ಮಿಲಿಲೀಟರ್ ನಮ್ಮ ಪಾಲಿಗೆ ಚಿನ್ನ. ಅದನ್ನು ಮಗುವಿನ ಕೆನ್ನೆಯ ಒಳಭಾಗಕ್ಕೆ ಸವರುತ್ತೇವೆ. ಆಮೇಲೆ ನಳಿಕೆಯಲ್ಲಿ ಕಿಲೋಗೆ ದಿನಕ್ಕೆ 10–20 ಮಿಲಿಲೀಟರ್. ಇದು ಹೊಟ್ಟೆ ತುಂಬಿಸಲು ಅಲ್ಲ, ಕರುಳನ್ನು ಎಚ್ಚರಿಸಲು.

ಮೂರನೇ ದಿನದಿಂದ ಪಂಪ್ ಬಳಸಿ. ದಿನಕ್ಕೆ ಎಂಟರಿಂದ ಹತ್ತು ಸಲ, ರಾತ್ರಿ ಒಂದು ಸಲವಾದರೂ ಎದ್ದು. ಎರಡು ವಾರದ ಹೊತ್ತಿಗೆ ದಿನಕ್ಕೆ ಅರ್ಧ ಲೀಟರಿನ ಮೇಲೆ ಬರುತ್ತಿದ್ದರೆ ಮುಂದಿನ ದಾರಿ ಸಲೀಸು. ಒಂದು ಕಿಲೋ ಮಗುವಿಗೆ ಅಷ್ಟೇಕೆ ಎಂದು ಕೇಳುತ್ತಾರೆ. ಈಗ ಕಟ್ಟಿಕೊಂಡ ಹಾಲು ಎರಡು ತಿಂಗಳ ಮೇಲೆ ಮಗು ಮನೆಗೆ ಬಂದಾಗ ಬೇಕು.

ಬಾಣಂತಿಗೆ ನೀರು ಕೊಟ್ಟರೆ ಮೈ ಊದುತ್ತದೆ, ಹೊಟ್ಟೆ ಬರುತ್ತದೆ ಎಂದು ಒಂದು ಲೋಟಕ್ಕೂ ಲೆಕ್ಕ ಇಡುವ ಅಜ್ಜಿಯರಿಗೆ ಕೈ ಮುಗಿದು ಹೇಳುತ್ತೇನೆ: ಅವಳಿಗೆ ಬಾಯಾರಿದಷ್ಟು ಕುಡಿಯಲಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ತುಪ್ಪದನ್ನ ಎಲ್ಲ ಸಂತೋಷ, ಕೊಡಿ. ಜೊತೆಗೆ ಬೇಳೆ, ಹಣ್ಣು, ನೀವು ತಿನ್ನುವವರಾದರೆ ಮೊಟ್ಟೆ ಮೀನು ಕೂಡ. ಕತ್ತಲೆ ಕೋಣೆಯಲ್ಲಿ ಕೂರಿಸಿ ಆಸ್ಪತ್ರೆಗೆ ಕಳಿಸದಿದ್ದರೆ ಮಾತ್ರ ಹಾಲು ಬತ್ತುತ್ತದೆ.

ತೆಗೆದ ಹಾಲಿಗೆ ಹೆಸರು, ದಿನಾಂಕ, ಹೊತ್ತು ಬರೆದ ಚೀಟಿ ಅಂಟಿಸಿ. 25 ಡಿಗ್ರಿ ಮೀರದ ಕೋಣೆಯಲ್ಲಿ ನಾಲ್ಕು ಗಂಟೆ ಇಡಬಹುದು ಎಂಬುದು ಪುಸ್ತಕದ ಮಾತು. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಆ ಕೋಣೆ ಎಲ್ಲಿದೆ? ತೆಗೆದ ಕೂಡಲೇ ಫ್ರಿಜ್‌ಗೆ, ದಾರಿಯಲ್ಲಿ ಐಸ್ ಇಟ್ಟ ಡಬ್ಬಿಯಲ್ಲಿ. ಎಷ್ಟು ಹೊತ್ತು ಇಡಬಹುದೆಂಬ ನಿಯಮ ನಿಮ್ಮ ಘಟಕದ್ದೇ ಅಂತಿಮ.

ತಾಯಿಗೆ ಹಾಲು ಬರದಿದ್ದರೆ ದಾನಿ ತಾಯಂದಿರ ಹಾಲು ಕೇಳಿ. ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲಿ ಅರ್ಮಿಡಾ ಫರ್ನಾಂಡಿಸ್ ಅವರು ತಾಯಿಹಾಲಿನ ಬ್ಯಾಂಕ್ ಆರಂಭಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಅಂಥದ್ದಿದೆ. ಪಾಶ್ಚರೀಕರಿಸಿ, ಪರೀಕ್ಷಿಸಿ ಕೊಡುತ್ತಾರೆ. ಪಕ್ಕದ ಹಾಸಿಗೆಯ ಬಾಣಂತಿಯ ಹಾಲನ್ನು ನೇರವಾಗಿ ತಂದುಕೊಡುವುದು ಬೇಡ, ಮನಸ್ಸು ಎಷ್ಟೇ ಒಳ್ಳೆಯದಿದ್ದರೂ. ಜೇನು, ಬಜೆ, ಸಕ್ಕರೆ ನೀರು ನೆಕ್ಕಿಸುವ ಪ್ರಯತ್ನವಂತೂ ಬೇಡವೇ ಬೇಡ.

ಎದೆಗೆ ಎದೆ ತಾಗಿಸಿ ಕಾಂಗರೂವಿನಂತೆ ಮಗುವನ್ನು ಹಿಡಿಯಲು ಕರೆದಾಗ ಹೋಗಿ. ಡ್ರಿಪ್ ಇದ್ದರೂ ಆಗುತ್ತದೆ, ಕೊಳವೆಯನ್ನು ನಾವು ನೋಡಿಕೊಳ್ಳುತ್ತೇವೆ. ಅಪ್ಪಂದಿರೂ ಹಿಡಿಯಬಹುದು. ಅಂಗಿಯ ಗುಂಡಿ ಬಿಚ್ಚಲು ನಾಚುವ ಅಪ್ಪಂದಿರಿಗೆ ನಾವು ಪರದೆ ಎಳೆದುಕೊಡುತ್ತೇವೆ.

ಹಂತ 7: ಏನನ್ನು ಕಾಯಬೇಕು

ಮೊದಲ ವಾರ ತೂಕ ಇಳಿಯುತ್ತದೆ. ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುವುದು ಹೆಚ್ಚಾಗಿ ನೀರು, ಗಾಬರಿ ಬೇಡ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಿ, ಆಮೇಲೆ ದಿನಕ್ಕೆ ಕಿಲೋಗೆ 15–20 ಗ್ರಾಂ ಏರಿದರೆ ಸರಿ. ದಿನದ ತೂಕಕ್ಕಿಂತ ವಾರದ ತೂಕ ನೋಡಿ. ನಿನ್ನೆಗಿಂತ 10 ಗ್ರಾಂ ಕಡಿಮೆಯಾಯಿತೆಂದು ಊರಿಗೆಲ್ಲ ಫೋನ್ ಮಾಡಬೇಡಿ.

ರಕ್ತದ ಸಕ್ಕರೆ 45ಕ್ಕಿಂತ ಇಳಿಯಬಾರದು. 180 ದಾಟಿ ಅಲ್ಲೇ ನಿಂತರೆ ಮೊದಲು ಗ್ಲೂಕೋಸಿನ ವೇಗ ತಗ್ಗಿಸುತ್ತಾರೆ, ಬೇಕಾದರೆ ಇನ್ಸುಲಿನ್. ಇದು ಮಗುವಿಗೆ ಮಧುಮೇಹ ಬಂತೆಂದು ಅಲ್ಲ. ಪ್ರೋಟೀನ್ ಚೆನ್ನಾಗಿ ಸಿಗತೊಡಗಿದಾಗ ಜೀವಕೋಶಗಳು ರಂಜಕವನ್ನೂ ಪೊಟ್ಯಾಸಿಯಮನ್ನೂ ಒಳಗೆಳೆದುಕೊಂಡು ರಕ್ತದಲ್ಲಿ ಅವು ಕುಸಿಯಬಹುದು. ಗರ್ಭದಲ್ಲೇ ಸೊರಗಿದ ಮಕ್ಕಳಲ್ಲಿ ಇದು ಹೆಚ್ಚು. ಪ್ರೋಟೀನನ್ನು ಬೇಗ ಕೊಡುವವರು ರಂಜಕವನ್ನೂ ಬೇಗ ಕೊಡಬೇಕು ಎಂಬುದು ಈಚಿನ ವರ್ಷಗಳಲ್ಲಿ ನಾವು ಕಲಿತ ಪಾಠ. ಕೊಬ್ಬು ಕರಗುತ್ತಿದೆಯೇ ನೋಡಲು ಟ್ರೈಗ್ಲಿಸರೈಡ್ ಪರೀಕ್ಷೆ. 265 ಮೀರಿದರೆ ಕೊಬ್ಬನ್ನು ತಗ್ಗಿಸುತ್ತಾರೆ. ವಾರಗಟ್ಟಲೆ ಮುಂದುವರಿದರೆ ಪಿತ್ತ ಕಟ್ಟಿ ಕಾಮಾಲೆ ಬರಬಹುದು. ಹುಟ್ಟಿದ ವಾರದ ಸಾಮಾನ್ಯ ಕಾಮಾಲೆಗಿಂತ ಇದು ಬೇರೆ, ನೀಲಿ ದೀಪದಿಂದ ಹೋಗುವುದಿಲ್ಲ. ಮಲ ಬೂದಿ ಬಣ್ಣವಾದರೆ ಕೇಳಿ.

ಎಲ್ಲಕ್ಕಿಂತ ದೊಡ್ಡ ವೈರಿ ನಂಜು. ಹೃದಯದ ಬಳಿಗೆ ಹೋಗುವ ಕೊಳವೆ ಊಟಕ್ಕೆ ಹೆದ್ದಾರಿ, ಸೂಕ್ಷ್ಮಾಣುಗಳಿಗೂ ಹೆದ್ದಾರಿ. ಒಳಗೆ ಹೋಗುವ ಮೊದಲು ಬಳೆ, ಉಂಗುರ, ವಾಚು, ಮಣಿಕಟ್ಟಿನ ಹರಕೆಯ ದಾರ ತೆಗೆದು, ತೋಳನ್ನು ಮೊಣಕೈವರೆಗೆ ಮಡಿಸಿ ಸೋಪಿನಿಂದ ತೊಳೆಯಿರಿ. ದಾರ ಬಿಚ್ಚಲು ಮನಸ್ಸಾಗದಿದ್ದರೆ ದೇವರ ಫೋಟೋಗೆ ಕಟ್ಟಿ ಬನ್ನಿ. ತೊಳೆದ ಕೈಯಲ್ಲಿ ಮೊಬೈಲ್ ಮುಟ್ಟಿದರೆ ತೊಳೆದದ್ದು ಲೆಕ್ಕಕ್ಕಿಲ್ಲ. ಮಗು ಮಂಕಾದರೆ, ಉಸಿರು ಪದೇಪದೇ ನಿಂತರೆ, ಹೊಟ್ಟೆ ಉಬ್ಬಿದರೆ, ಮೈ ತಣ್ಣಗಾದರೆ ತಕ್ಷಣ ಹೇಳಿ. ದಾದಿಯೊಬ್ಬರು ಕೈ ತೊಳೆಯದೆ ಕೊಳವೆ ಮುಟ್ಟಿದ್ದನ್ನು ಕಂಡರೂ ಹೇಳಿ. ನಾನೂ ಒಮ್ಮೆ ಹಾಗೆ ಹೇಳಿಸಿಕೊಂಡಿದ್ದೇನೆ. ಮುಖ ಕೆಂಪಾಯಿತು, ಕೈ ತೊಳೆದೆ.

ಹಂತ 8: ಇಳಿಸುವ ದಿನಗಳು

ಹಾಲು ದಿನಕ್ಕೆ ಕಿಲೋಗೆ 20–30 ಮಿಲಿಲೀಟರ್‌ನಂತೆ ಏರುತ್ತದೆ, ಡ್ರಿಪ್ ಅಷ್ಟೇ ಇಳಿಯುತ್ತದೆ. 28 ವಾರಕ್ಕೆ ಮೊದಲು ಹುಟ್ಟಿದವರಲ್ಲಿ ಹಾಲು 140–150 ಮಿಲಿಲೀಟರ್, ಆಮೇಲೆ ಹುಟ್ಟಿದವರಲ್ಲಿ 120–140 ಮುಟ್ಟಿದಾಗ ನಿಲ್ಲಿಸಬಹುದು ಎಂಬುದು ನೈಸ್ ಸೂಚನೆ. ಅನೇಕ ಮಕ್ಕಳಿಗೆ ಇದು ಒಂದರಿಂದ ಎರಡು ವಾರದ ಕೆಲಸ. ಒಂದು ದಿನವಾದರೂ ಬೇಗ ಕೊಳವೆ ತೆಗೆದರೆ ಒಂದು ದಿನದ ನಂಜಿನ ಅಪಾಯ ತಪ್ಪಿತು.

ನಡುವೆ ಹಾಲು ನಿಲ್ಲಿಸಬೇಕಾಗಿ ಬರಬಹುದು. ಹೊಟ್ಟೆ ಉಬ್ಬಿತು, ನಳಿಕೆಯಲ್ಲಿ ಹಸಿರು ಬಂತು, ಮಲದಲ್ಲಿ ರಕ್ತ ಕಂಡಿತು ಎಂದರೆ ಕರುಳಿನ ಉರಿಯೂತದ ಭಯ. ಆಗ ಮತ್ತೆ ಪೂರ್ತಿ ಟಿಪಿಎನ್‌ಗೆ ಮರಳುತ್ತಾರೆ. ತಾಯಿ ಮಾತ್ರ ಹಾಲು ತೆಗೆಯುವುದನ್ನು ನಿಲ್ಲಿಸಬಾರದು. ಆ ದಿನಗಳ ಹಾಲು ಹೆಪ್ಪುಗಟ್ಟಿಸಿ ಇಡಿ.

ಹಂತ 9: ಹಣ

ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಅನಾರೋಗ್ಯದ ಮಗುವಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಔಷಧ, ಪರೀಕ್ಷೆ, ಸಾಗಣೆ ಉಚಿತ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಸರ್ಕಾರಿ ವೈದ್ಯರ ಶಿಫಾರಸು ಪತ್ರವನ್ನು ಮೊದಲ ದಿನವೇ ಕೇಳಿ ಇಟ್ಟುಕೊಳ್ಳಿ. ಖಾಸಗಿ ಆಸ್ಪತ್ರೆಯಾದರೆ ಟಿಪಿಎನ್ ಬಿಲ್ ಪ್ರತ್ಯೇಕವೇ, ಹಾಸಿಗೆಯ ದರದಲ್ಲಿ ಸೇರಿದೆಯೇ ಎಂದು ಬರಹದಲ್ಲಿ ಪಡೆಯಿರಿ.

ಹಂತ 10: ಪುಸ್ತಕದ ಕೊನೆಯ ಪುಟ

ಕೊಳವೆ ಹೋದ ಮೇಲೂ ಬುತ್ತಿಯಲ್ಲಿ ಕೆಲವು ಸಾಮಾನು ಬಾಕಿ ಇರುತ್ತವೆ. ತಾಯಿಹಾಲಿಗೆ ಬೆರೆಸುವ ಪುಡಿ, ವಿಟಮಿನ್ ಡಿ, ಎರಡು ವಾರದ ಮೇಲೆ ಕಬ್ಬಿಣದ ಹನಿ. ಯಾವುದು ಎಷ್ಟು ಎಂದು ಮನೆಗೆ ಹೋಗುವ ಮೊದಲು ಬರೆಸಿಕೊಳ್ಳಿ.

ಕೊನೆಯ ಪುಟದಲ್ಲಿ ಕಣ್ಣಿನ ಪರೀಕ್ಷೆಯ ದಿನಾಂಕ ಬರೆಯಿರಿ. 34 ವಾರಕ್ಕೆ ಮೊದಲು ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿನ ಅಕ್ಷಿಪಟಲವನ್ನು ಹುಟ್ಟಿದ 30 ದಿನದೊಳಗೆ ನೋಡಿಸಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಎರಡು ಮೂರು ವಾರಕ್ಕೇ. ಮೊದಲ ವಾರಗಳಲ್ಲಿ ತೂಕ ಏರದ ಮಕ್ಕಳಲ್ಲಿ ಅಕ್ಷಿಪಟಲದ ರಕ್ತನಾಳಗಳು ಸರಿಯಾಗಿ ಬೆಳೆಯದ ತೊಂದರೆ ಹೆಚ್ಚು. ಊರು ದೂರವೆಂದು ಬಿಡಬೇಡಿ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಯೋಜನೆಯವರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೇ ಬರುತ್ತಾರೆ. ಬರುವ ವಾರ ಯಾವುದೆಂದು ನಿಮ್ಮ ಘಟಕದಲ್ಲಿ ವಿಚಾರಿಸಿ. ಪರೀಕ್ಷೆಗೆ ಒಂದು ಗಂಟೆ ಮುಂಚೆ ಹಾಲು ಕುಡಿಸಿ ಮುಗಿಸಿರಿ, ಪರೀಕ್ಷೆಯ ಹೊತ್ತಿಗೆ ಹೊಟ್ಟೆ ಬಿರಿಯುವಷ್ಟು ತುಂಬಿದ್ದರೆ ಅತ್ತು ವಾಂತಿ ಮಾಡಿಕೊಳ್ಳುತ್ತದೆ. ಮುಗಿದ ಮೇಲೆ ಎದೆಗೆ ಹಾಕಿಕೊಳ್ಳಿ, ತಾನೇ ಹುಡುಕಿ ಕುಡಿಯುತ್ತದೆ.